ಮೊಟ್ಟೆಯ ಯಾವ ತುದಿ ಒಡೆಯಬೇಕು? ಕಡಬದಲ್ಲಿ ಕೇಳಿ

ಕಾಲ್ಪನಿಕ ಲೋಕ ಕಟ್ಟುವವರಿಗೆ ಒಂದು ಚಟ ಉಂಟು. ಮೊದಲು ಮ್ಯಾಪು ಬಿಡಿಸ್ತಾರೆ. ಆಮೇಲೆ ಎರಡು ಚಂದ್ರ, ಮೂರು ರಾಜವಂಶ, ಕೊನೆಗೆ ಒಂದು ಧರ್ಮ. ಧರ್ಮ ಒಂದೇ ಇದ್ದರೆ ಬೋರು, ಹಾಗಾಗಿ ಅದನ್ನು ಎರಡು ಹೋಳು ಮಾಡ್ತಾರೆ. ಒಂದು ಹೋಳು ಬೆಳಕನ್ನು ಪೂಜಿಸುತ್ತದೆ, ಇನ್ನೊಂದು ಕತ್ತಲನ್ನು. ಒಂದರ ಸನ್ಯಾಸಿಗಳಿಗೆ ಬಿಳಿ ನಿಲುವಂಗಿ, ಇನ್ನೊಂದರವರಿಗೆ ಕಪ್ಪು. ಸಾವಿರ ವರ್ಷದ ಹಿಂದೆ ಒಬ್ಬ ಪ್ರವಾದಿ ಏನೋ ಹೇಳಿದ, ಇನ್ನೊಬ್ಬ ಒಪ್ಪಲಿಲ್ಲ, ಅಲ್ಲಿಂದ ಯುದ್ಧ. ಮುಗೀತು, ಪಂಥ ರೆಡಿ.

ನಮ್ಮ ಆಫೀಸಿನಲ್ಲಿ ಶನಿವಾರ ಸಂಜೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವ ಒಂದು ಗುಂಪಿದೆ. ಅದರ ಯಜಮಾನ ನನ್ನ ಊರಿನ ಕಡೆಯವನೇ, ಪುತ್ತೂರು ಪೇಟೆಯ ಹುಡುಗ. ಅವನು ಕಟ್ಟಿದ ಲೋಕದ ಧರ್ಮದ ಇತಿಹಾಸವೇ ಹದಿನಾಲ್ಕು ಪುಟ. ಗೇಮ್ ಆಫ್ ಥ್ರೋನ್ಸ್‌ನ ಏಳು ದೇವರು, ಹಳೇ ದೇವರು, ಮುಳುಗಿದ ದೇವರು, ಕೆಂಪು ದೇವರು, ಎಲ್ಲ ಅವನ ನಾಲಿಗೆ ತುದಿಯಲ್ಲಿ. ಸ್ಕೈರಿಮ್ ಆಡಿದವರಿಗೆ ಗೊತ್ತಿರುತ್ತದೆ, ದೇವರು ಎಂಟೋ ಒಂಬತ್ತೋ ಅನ್ನುವುದೇ ಅಲ್ಲಿನ ಜಗಳ, ಒಂಬತ್ತನೆಯವನಾದ ಟ್ಯಾಲೋಸ್‌ನ ಪೂಜೆಗೆ ಸಂಧಿಪತ್ರದಲ್ಲೇ ನಿಷೇಧ. ಅದರ ಬಗ್ಗೆ ಇವನು ಒಂದು ಗಂಟೆ ಮಾತಾಡಬಲ್ಲ. ಅದೇ ಹುಡುಗನ ಹತ್ತಿರ ಒಮ್ಮೆ ಕಡಬದ ಚರ್ಚುಗಳ ಮಾತು ಬಂತು. "ಅವರಾ? ಕೇರಳದ ಕ್ರಿಶ್ಚಿಯನ್ಸ್, ರಬ್ಬರಿನವರು" ಅಂದ. ಅಷ್ಟೇ. ಹದಿನಾಲ್ಕು ಪುಟ ಬರೆದವನ ಬಾಯಿಂದ ನಾಲ್ಕು ಪದ.

ನನ್ನ ತಕರಾರು ಫ್ಯಾಂಟಸಿಯ ಮೇಲಲ್ಲ ಮಾರಾಯ್ರೇ. ಫ್ಯಾಂಟಸಿಯಲ್ಲಿ ಒಡಕನ್ನು ಸರಿಯಾಗಿ ಕಂಡವನು ಒಬ್ಬನಾದರೂ ಇದ್ದ, ಅದೂ ಬಹಳ ಹಿಂದೆ. ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಗಳಲ್ಲಿ ಲಿಲಿಪುಟ್ಟಿನವರು ಹೊಡೆದಾಡುವುದು ಬೆಳಕು–ಕತ್ತಲೆಗಲ್ಲ, ಬೇಯಿಸಿದ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದಲೋ ಎಂದು. ಹನ್ನೊಂದು ಸಾವಿರ ಮಂದಿ ಸಣ್ಣ ತುದಿಯಿಂದ ಒಡೆಯುವ ಬದಲು ಸಾಯುತ್ತೇವೆ ಅಂದರಂತೆ. ಓದಿದವರೆಲ್ಲ ನಗ್ತಾರೆ. ಸ್ವಿಫ್ಟ್‌ಗೂ ನಗಿಸುವ ಉದ್ದೇಶವೇ ಇದ್ದದ್ದು. ಆದರೆ ಆ ತಮಾಷೆಗಿಂತ ದೊಡ್ಡದು ಅವನ ಕಣ್ಣು: ಜನ ಧರ್ಮವನ್ನು ಒಡೆಯುವುದು ಆಕಾಶದಲ್ಲಿ ಅಲ್ಲ, ಊಟದ ಮೇಜಿನ ಮೇಲೆ. ರಷ್ಯಾದಲ್ಲಿ 1650ರ ದಶಕದಲ್ಲಿ ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಎರಡು ಬೆರಳು ಸಾಲದು, ಮೂರು ಬೇಕು ಎಂದು ಮಹಾಪಿತೃ ನಿಕೋನ್ ಆಜ್ಞೆ ಹೊರಡಿಸಿದ. ಎರಡೇ ಬೆರಳು ಎಂದು ಹಠ ಹಿಡಿದವರು ಇವತ್ತಿಗೂ ಹಳೇ ನಂಬಿಕೆಯವರು ಎಂಬ ಹೆಸರಲ್ಲಿ ಬೇರೆಯೇ ಇದ್ದಾರೆ. ಅವರ ಮುಂದಾಳು ಅವ್ವಾಕುಮ್‌ನನ್ನು 1682ರಲ್ಲಿ ಸುಟ್ಟರು. ಒಂದು ಬೆರಳಿನ ವ್ಯತ್ಯಾಸ.

ಈಗ ಊರಿಗೆ ಬನ್ನಿ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಶಿರಾಡಿ ಘಾಟಿ ಇಳಿದ ಮೇಲೆ ಅರೆನಿದ್ದೆಯಲ್ಲಿ ನೆಲ್ಯಾಡಿ ದಾಟಿ ಹೋಗ್ತೀರಲ್ಲ, ಅಲ್ಲಿಂದ ಕಡಬದ ಕಡೆಗೆ ಹಗಲಲ್ಲಿ ಒಮ್ಮೆ ಹೋಗಿ. ರಸ್ತೆ ಬದಿಯ ಚರ್ಚುಗಳ ಬೋರ್ಡು ಓದುತ್ತಾ ಹೋಗಿ. ಆರ್ಥೊಡಾಕ್ಸ್ ಸಿರಿಯನ್, ಜೇಕಬೈಟ್ ಸಿರಿಯನ್, ಸೀರೋ ಮಲಬಾರ್, ಸೀರೋ ಮಲಂಕರ, ನಡುವೆ ಕೊಂಕಣಿ ಮಾತಾಡುವ ನಮ್ಮ ಮಂಗಳೂರು ಕಡೆಯ ಲ್ಯಾಟಿನ್ ಕ್ಯಾಥೊಲಿಕರ ಇಗರ್ಜಿ. ಹೊರಗಿಂದ ನೋಡಿದರೆ ಎಲ್ಲಕ್ಕೂ ಶಿಲುಬೆ, ಎಲ್ಲಕ್ಕೂ ಗಂಟೆ. ಆದರೆ ಈ ಬೋರ್ಡುಗಳು ಒಟ್ಟಾಗಿ ನಾನೂರು ವರ್ಷದ ಒಂದು ಜಗಳದ ವಂಶವೃಕ್ಷ. ಯಾವ ಗೇಮ್ ಮಾಸ್ಟರೂ ಇಷ್ಟು ಚೆನ್ನಾಗಿ ಬರೆದದ್ದು ನಾನು ನೋಡಿಲ್ಲ.

ಕತೆ ಹೀಗೆ. ಕೇರಳದ ಸಿರಿಯನ್ ಕ್ರೈಸ್ತರು ಪೋರ್ಚುಗೀಸರು ಬರುವುದಕ್ಕೆ ಮುಂಚಿನವರು. ಅವರಿಗೆ ಬಿಷಪ್ಪರು ಬರುತ್ತಿದ್ದದ್ದು ಪಶ್ಚಿಮ ಏಷ್ಯಾದಿಂದ, ಪ್ರಾರ್ಥನೆ ಸಿರಿಯಾಕ್ ಭಾಷೆಯಲ್ಲಿ. ಪೋರ್ಚುಗೀಸರಿಗೆ ಇದು ಸರಿ ಕಾಣಲಿಲ್ಲ. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಸಭೆ ಕರೆದು ಇವರನ್ನು ರೋಮಿನ ಪದ್ಧತಿಗೆ ತಂದ, ಹಳೆಯ ಪುಸ್ತಕಗಳನ್ನು ಸುಡಿಸಿದ. ಐವತ್ತು ವರ್ಷ ಹೇಗೋ ಸಹಿಸಿಕೊಂಡರು. 1653ರ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಜನ ಸೇರಿ ಇನ್ನು ಈ ಜೆಸ್ವಿಟ್ ಪಾದ್ರಿಗಳ ಅಧಿಕಾರ ಬೇಡ ಎಂದು ಶಪಥ ಮಾಡಿದರು. ಶಿಲುಬೆಯನ್ನು ಎಲ್ಲರೂ ಮುಟ್ಟಲು ಜಾಗ ಸಾಲದೆ ಅದಕ್ಕೆ ಹಗ್ಗ ಕಟ್ಟಿ, ಆ ಹಗ್ಗ ಹಿಡಿದು ಶಪಥ ಮಾಡಿದರಂತೆ. ಎಳೆತಕ್ಕೆ ಶಿಲುಬೆ ವಾಲಿತು, ಅದಕ್ಕೇ ಅದು ಕೂನನ್ ಕುರಿಶು, ಗೂನು ಶಿಲುಬೆ. ಇಂಥಾ ಒಂದು ದೃಶ್ಯ ನಿಮ್ಮ ನೆಟ್‌ಫ್ಲಿಕ್ಸ್ ಸೀರೀಸ್‌ನಲ್ಲಿ ಇದ್ದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕ್ತಿದ್ದಿರಿ.

ಶಪಥದ ಕೆಲವು ವರ್ಷಗಳಲ್ಲೇ ಒಂದು ದೊಡ್ಡ ಭಾಗ ರೋಮಿನ ಕಡೆಗೆ ವಾಪಸಾಯಿತು. ಅವರ ವಾರಸುದಾರರೇ ಇವತ್ತಿನ ಸೀರೋ ಮಲಬಾರಿನವರು. ಉಳಿದವರು ಅಂತಿಯೋಕ್ಯದ ಸಿರಿಯನ್ ಪರಂಪರೆಯ ಕೈ ಹಿಡಿದರು. ಮಜಾ ಏನು ಗೊತ್ತುಂಟಾ? ಪೋಪನ ಕಡೆ ಹೋದವರಿಗೆ ಹಳೇ ಪಂಗಡ ಎಂದೂ, ವಿದೇಶಿ ಪಾದ್ರಿ ಬೇಡ ಎಂದವರಿಗೆ ಹೊಸ ಪಂಗಡ ಎಂದೂ ಹೆಸರು ಬಿತ್ತು. ಪಳಯಕೂರು, ಪುತ್ತನ್‌ಕೂರು. ಹೊಸದು ಯಾವುದು ಹಳೆಯದು ಯಾವುದು ಅನ್ನುವುದನ್ನು ಗೆದ್ದವರು ಹೇಳ್ತಾರೆ, ಸೋತವರು ಅದನ್ನೇ ಹೊತ್ತುಕೊಂಡು ತಿರುಗ್ತಾರೆ. ಆಮೇಲೆ ಹೊಸ ಪಂಗಡವೂ ಒಡೆಯಿತು. ಬ್ರಿಟಿಷ್ ಮಿಷನರಿಗಳ ಪ್ರಭಾವದಲ್ಲಿ ಸುಧಾರಣೆ ಬೇಕು ಎಂದವರು 1889ರಲ್ಲಿ ತಿರುವಾಂಕೂರಿನ ಕೋರ್ಟಲ್ಲಿ ಆಸ್ತಿಯ ದಾವೆ ಸೋತು ಮಾರ್ತೋಮಾ ಸಭೆಯಾದರು. 1912ರಲ್ಲಿ ಇಲ್ಲಿಯೇ ಒಂದು ಪೀಠ, ಕ್ಯಾಥೊಲಿಕೇಟ್, ಸ್ಥಾಪನೆಯಾದ ಮೇಲೆ ಉಳಿದವರೂ ಎರಡಾದರು: ನಮ್ಮ ಪೀಠ ನಮಗೆ ಸಾಕು ಎನ್ನುವ ಆರ್ಥೊಡಾಕ್ಸರು, ಪರಮಾಧಿಕಾರ ಅಂತಿಯೋಕ್ಯದ ಪೇತ್ರಿಯಾರ್ಕರದ್ದೇ ಎನ್ನುವ ಜೇಕಬೈಟರು. ಈ ಜಗಳ ನೋಡಿ ಸಾಕಾಗಿ 1930ರ ಸೆಪ್ಟೆಂಬರ್ 20ರಂದು ಮಾರ್ ಇವಾನಿಯೋಸ್ ಎಂಬ ಆರ್ಚ್‌ಬಿಷಪ್ ಕೊಲ್ಲಂನಲ್ಲಿ ರೋಮಿನ ಜತೆ ಸೇರಿಕೊಂಡರು, ತಮ್ಮ ಸಿರಿಯನ್ ಪೂಜಾಪದ್ಧತಿಯನ್ನು ಬಿಡದೆ. ಅದು ಸೀರೋ ಮಲಂಕರ. ಒಡಕು ಮುಗಿಸಲು ಹೊರಟವರಿಂದ ಇನ್ನೊಂದು ಬೋರ್ಡು.

ಕಳೆದ ಶತಮಾನದ ನಡುವೆ ಈ ಎಲ್ಲ ಪಂಗಡದ ರೈತರೂ ತಿರುವಾಂಕೂರಿನಿಂದ ಬಡಗಣಕ್ಕೆ, ಕಾಡು ಕಡಿದು ಕೃಷಿ ಮಾಡಲು ಬಂದರು. ನಮ್ಮ ಘಟ್ಟದ ಬುಡದಲ್ಲಿ ಮರಗೆಣಸು ನೆಟ್ಟರು, ಕಾಳುಮೆಣಸು, ರಬ್ಬರು ಹಾಕಿದರು. ಬರುವಾಗ ಕತ್ತಿ, ಗುದ್ದಲಿ, ಮಲೇರಿಯಾದ ಮಾತ್ರೆ ಮಾತ್ರ ತರಲಿಲ್ಲ, ತಮ್ಮ ತಮ್ಮ ಜಗಳವನ್ನೂ ಜೋಪಾನವಾಗಿ ಕಟ್ಟಿ ತಂದರು. ಹೊಸ ಜಾಗ, ಹೊಸ ಭಾಷೆ, ಸುತ್ತ ತುಳು, ಅರೆಭಾಷೆ, ಬ್ಯಾರಿ, ಕೊಂಕಣಿ; ಇಲ್ಲಾದರೂ ಒಟ್ಟಿಗೆ ಒಂದು ಚರ್ಚು ಕಟ್ಟಿ ಖರ್ಚು ಉಳಿಸಬಹುದಿತ್ತು. ಉಳಿಸಲಿಲ್ಲ. ಪ್ರತಿಯೊಬ್ಬರೂ ಸೋಗೆ ಮಾಡಿನಡಿಯಲ್ಲಾದರೂ ತಮ್ಮದೇ ಬಲಿಪೀಠ ಇಟ್ಟುಕೊಂಡರು.

ಪರಿಣಾಮ ನೋಡಿ. ಪುತ್ತೂರು ಅಂತ ಗೂಗಲ್ ಮಾಡಿದರೆ ಮಹಾಲಿಂಗೇಶ್ವರ ಬರುತ್ತದೆ, ಕಂಬಳ ಬರುತ್ತದೆ, ಕ್ಯಾಂಪ್ಕೊ ಚಾಕಲೇಟು ಬರುತ್ತದೆ. ಆದರೆ 2010ರ ಜನವರಿಯಲ್ಲಿ ರೋಮಿನ ಪೋಪರು ಪುತ್ತೂರಿನ ಹೆಸರಲ್ಲೇ ಒಂದು ಸೀರೋ ಮಲಂಕರ ಧರ್ಮಪ್ರಾಂತ್ಯ ಸ್ಥಾಪಿಸಿದ್ದು ನನ್ನ ಎಷ್ಟು ಕ್ಲಾಸ್‌ಮೇಟುಗಳಿಗೆ ಗೊತ್ತಿದೆ? ಅಂದರೆ ಒಂದೇ ಪೋಪರನ್ನು ಒಪ್ಪುವ ಕ್ಯಾಥೊಲಿಕರಿಗೆ ನಮ್ಮ ಸೀಮೆಯಲ್ಲಿ ಮೂರು ಬಿಷಪ್ಪರು. ಲ್ಯಾಟಿನ್‌ನವರಿಗೆ 1887ರ ಮಂಗಳೂರು, ಸೀರೋ ಮಲಬಾರಿನವರಿಗೆ 1999ರ ಬೆಳ್ತಂಗಡಿ, ಮಲಂಕರದವರಿಗೆ 2010ರ ಪುತ್ತೂರು. ಪೋಪರನ್ನು ಒಪ್ಪದ ಆರ್ಥೊಡಾಕ್ಸರ, ಜೇಕಬೈಟರ ಬಿಷಪ್ಪರ ಲೆಕ್ಕ ಬೇರೆ. ಒಂದು ಚರ್ಚಲ್ಲಿ ಅಚ್ಚನ್‌ಗೆ ಹೆಂಡತಿ ಮಕ್ಕಳು ಇರಬಹುದು, ಪಕ್ಕದ ಇಗರ್ಜಿಯ ಪಾದ್ರಿ ಬ್ರಹ್ಮಚಾರಿಯೇ ಆಗಿರಬೇಕು. ಒಂದರಲ್ಲಿ ಪ್ರಸಾದದ ರೊಟ್ಟಿ ಹುಳಿ ಬಂದ ಹಿಟ್ಟಿನದ್ದು, ಇನ್ನೊಂದರಲ್ಲಿ ಹುಳಿಯಿಲ್ಲದ್ದು. ತಪಸ್ಸು ಕಾಲದ ಉಪವಾಸ ಸಿರಿಯನ್ನರಿಗೆ ಸೋಮವಾರ ಶುರು, ಲ್ಯಾಟಿನ್‌ನವರಿಗೆ ಬುಧವಾರ. ಒಂದೇ ಊರಿನ ಮೀನಿನಂಗಡಿಯವನು ಈ ಎರಡು ದಿನದ ವ್ಯತ್ಯಾಸವನ್ನು ನಮಗಿಂತ ಚೆನ್ನಾಗಿ ಬಲ್ಲ.

ನೆಲ್ಯಾಡಿಯಲ್ಲಿ ಬೆಥನಿ ಹೆಸರಿನ ವಿದ್ಯಾಸಂಸ್ಥೆ ಉಂಟು. ಆ ಬೆಥನಿ ಎಂದರೆ ಇದೇ ಇವಾನಿಯೋಸರು 1919ರಲ್ಲಿ ಶುರು ಮಾಡಿದ ಆಶ್ರಮದ ಹೆಸರು. ಮಂಗಳೂರಿನ ಬೆಥನಿ ಸಿಸ್ಟರ್ಸ್ ಅಂತ ಇದ್ದಾರಲ್ಲ, ಅವರು 1921ರವರು, ಲ್ಯಾಟಿನ್ ಕಡೆಯವರು, ಇವರಿಗೂ ಅವರಿಗೂ ಸಂಬಂಧವೇ ಇಲ್ಲ. ಎಷ್ಟೋ ಹಿಂದೂ, ಮುಸ್ಲಿಂ ಮಕ್ಕಳು ಈ ಹೆಸರನ್ನು ಎದೆಯ ಮೇಲಿನ ಐಡಿ ಕಾರ್ಡಿನಲ್ಲಿ ಹೊತ್ತುಕೊಂಡು ಎಸ್‌ಎಸ್‌ಎಲ್‌ಸಿ ಮುಗಿಸಿದ್ದಾರೆ. ಇರಲಿ.

ಇದನ್ನೆಲ್ಲ ಬರೆದರೆ ನನಗೆ ಸಿಗುವ ಉತ್ತರ ಗೊತ್ತಿದೆ: "ಅಯ್ಯೋ, ಅವರಲ್ಲೂ ನಮ್ಮ ಹಾಗೆ ಜಾತಿ ಉಂಟಾ!" ನಮ್ಮ ಹಾಗೆ ಎನ್ನುವಾಗ ಏಕಾದಶಿಯನ್ನು ನೆನಪಿಸಿಕೊಳ್ಳಿ. ಸುಳ್ಯದ ಹವ್ಯಕರ ಮನೆಯಲ್ಲಿ ಒಂದು ದಿನ ಏಕಾದಶಿ, ಎರಡು ಗುಡ್ಡ ದಾಟಿ ಶಿವಳ್ಳಿ ಮಾಧ್ವರ ಮನೆಯಲ್ಲಿ ಕೆಲವೊಮ್ಮೆ ಮರುದಿನ. ಸೂರ್ಯೋದಯಕ್ಕೆ ತಿಥಿ ಯಾವುದು ಎಂದು ಸ್ಮಾರ್ತರು ನೋಡಿದರೆ, ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚೆ, ಅಂದರೆ 96 ನಿಮಿಷ ಮುಂಚಿನ ಅರುಣೋದಯಕ್ಕೆ ದಶಮಿ ಸೋಕಿದರೂ ಆ ದಿನ ಮಾಧ್ವರಿಗೆ ವರ್ಜ್ಯ. 96 ನಿಮಿಷಕ್ಕೆ ಅಡುಗೆಮನೆಯ ಒಲೆ ಉರಿಯಬೇಕೋ ಆರಬೇಕೋ ತೀರ್ಮಾನವಾಗುತ್ತದೆ. ಅದೇ ಪುತ್ತೂರು ಪೇಟೆಯಲ್ಲಿ ವೆಂಕಟರಮಣ ದೇವಸ್ಥಾನದ ಕೊಂಕಣಿಗರು ಮಾಧ್ವರೇ, ಆದರೆ ಚಾಂದ್ರಮಾನದವರು, ಅವರಿಗೆ ಹೊಸ ವರ್ಷ ಯುಗಾದಿ. ತುಳುವರಿಗೆ ಸೌರಮಾನದ ಬಿಸು, ಹಾಗಾಗಿ ಅವರ ಹೊಸ ವರ್ಷ ಏಪ್ರಿಲ್ ನಡುವೆ. ಕೃಷ್ಣಾಷ್ಟಮಿಯನ್ನಂತೂ ಉಡುಪಿಯವರು ಸೌರಮಾನದಲ್ಲಿ ಲೆಕ್ಕ ಹಾಕಿದಾಗ ಕೆಲವು ವರ್ಷ ಉಳಿದ ದೇಶಕ್ಕಿಂತ ವಾರಗಟ್ಟಲೆ ಆಚೆ ಬೀಳುತ್ತದೆ. ದೇವರು ಹುಟ್ಟಿದ ದಿನವೇ ಎರಡು. ಸ್ವಿಫ್ಟ್‌ಗೆ ಮೊಟ್ಟೆ ಬೇಕಾಯಿತು. ನಮಗೆ ಪಂಚಾಂಗ ಸಾಕು.

ಇನ್ನು ಮಠಗಳ ವಿಷಯ. ಕೊಂಕಣಿಗರ ಕಾಶೀಮಠದಲ್ಲಿ 2000ದ ಸುಮಾರಿಗೆ ಗುರು ಮತ್ತು ಪಟ್ಟಶಿಷ್ಯರ ನಡುವೆ ಒಡಕಾಗಿ, ಮಠದ ದೇವರ ವಿಗ್ರಹ, ಒಡವೆ ಯಾರ ಕೈಯಲ್ಲಿರಬೇಕು ಎಂಬುದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕುಕ್ಕೆ ಸುಬ್ರಹ್ಮಣ್ಯ ಈಗ ಕಡಬ ತಾಲೂಕಿನಲ್ಲಿದೆ. ರಾಜ್ಯದ ಮುಜರಾಯಿ ದೇವಸ್ಥಾನಗಳ ಪೈಕಿ ಆದಾಯದಲ್ಲಿ ವರ್ಷ ವರ್ಷ ಮೊದಲ ಸ್ಥಾನ ಅದರದ್ದೇ. ಅದರ ಪಕ್ಕದಲ್ಲೇ, ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರ ಪರಂಪರೆಯ ಸುಬ್ರಹ್ಮಣ್ಯ ಮಠ. ದೇವಸ್ಥಾನ ಸರಕಾರದ ಆಡಳಿತದಲ್ಲಿ, ಮಠ ಸ್ವಾಮಿಗಳದ್ದು. ಸರ್ಪಸಂಸ್ಕಾರ ಸೇವೆ ಎಲ್ಲಿ ನಡೆಯಬೇಕು, ದೇವಸ್ಥಾನದಲ್ಲಿ ಮಾತ್ರವೋ ಮಠದಲ್ಲೂ ಆಗಬಹುದೋ ಎಂಬ ಜಗಳ ಪತ್ರಿಕೆಗಳ ಜಿಲ್ಲಾ ಪುಟವನ್ನು ತಿಂಗಳುಗಟ್ಟಲೆ ತುಂಬಿತ್ತು. ಆಮೇಲೆ ಇಲ್ಲಿನ ಪೂಜೆ ಶೈವಾಗಮದ್ದೋ ಮಾಧ್ವ ಪದ್ಧತಿಯದ್ದೋ ಎಂಬ ಮಾತೂ ಎದ್ದಿತು. ಇದರಲ್ಲಿ ತತ್ವ ಎಷ್ಟು, ರಶೀದಿ ಪುಸ್ತಕ ಎಷ್ಟು ಎಂದು ನನ್ನನ್ನು ಕೇಳಬೇಡಿ. ಎರಡೂ ಉಂಟು, ಎರಡನ್ನೂ ಬಿಡಿಸಿ ಇಡಲಿಕ್ಕೆ ಬರುವುದಿಲ್ಲ. ಬೆಳಕಿನ ಪಂಥ, ಕತ್ತಲ ಪಂಥ ಎಂದು ಬರೆಯುವವರು ಬಿಟ್ಟುಬಿಡುವುದು ಇದನ್ನೇ. ಅವರ ಲೋಕದಲ್ಲಿ ಹುಂಡಿ ಇಲ್ಲ, ಬೀಗದ ಕೈ ಇಲ್ಲ, ಗುತ್ತಿಗೆ ಇಲ್ಲ, ಸ್ಮಶಾನ ಇಲ್ಲ.

ಸ್ಮಶಾನ ಅಂದೆ. ಒಡಕನ್ನು ನಾನು ಚಂದ ಮಾಡಿ ತೋರಿಸ್ತಿದ್ದೇನೆ ಎಂದು ಯಾರಿಗಾದರೂ ಅನ್ನಿಸುವ ಮೊದಲು ಇದನ್ನೂ ಹೇಳಬೇಕು. ಆರ್ಥೊಡಾಕ್ಸ್–ಜೇಕಬೈಟ್ ವ್ಯಾಜ್ಯದಲ್ಲಿ 2017ರ ಜುಲೈ 3ರಂದು ಸುಪ್ರೀಂ ಕೋರ್ಟು, ಚರ್ಚುಗಳ ಆಡಳಿತ 1934ರ ಸಂವಿಧಾನದ ಪ್ರಕಾರ, ಎಂದರೆ ಆರ್ಥೊಡಾಕ್ಸರ ಪರವಾಗಿ, ತೀರ್ಪು ಕೊಟ್ಟಿತು. ಆಮೇಲೆ ಕೇರಳದಲ್ಲಿ ಜೇಕಬೈಟ್ ಮನೆಯ ಹೆಣಗಳು ಅಜ್ಜ ಮುತ್ತಜ್ಜರ ಪಕ್ಕ ಮಣ್ಣಾಗಲು ದಿನಗಟ್ಟಲೆ ಕಾಯಬೇಕಾಯಿತು. ಹೆಣ ಹೂಳುವ ಹಕ್ಕಿಗೆಂದೇ ಆ ಸರಕಾರ 2020ರಲ್ಲಿ ಒಂದು ಕಾಯ್ದೆ ತರಬೇಕಾಯಿತು ಎಂದರೆ ಯೋಚಿಸಿ. ಸೀರೋ ಮಲಬಾರಿನಲ್ಲಿ ಪಾದ್ರಿ ಪೂಜೆಯ ಉದ್ದಕ್ಕೂ ಜನರ ಕಡೆ ಮುಖ ಮಾಡಬೇಕೋ, ಅರ್ಧ ಪೂಜೆಗೆ ಬಲಿಪೀಠದ ಕಡೆ ತಿರುಗಬೇಕೋ ಎಂಬುದಕ್ಕೆ 2021ರಿಂದ ಎರ್ನಾಕುಲಂ ಭಾಗದಲ್ಲಿ ನಡೆದ ಗಲಾಟೆ ಸಣ್ಣದಲ್ಲ. 2022ರ ಕ್ರಿಸ್ಮಸ್‌ಗೆ ಮುಂಚೆ ಅಲ್ಲಿನ ಬಸಿಲಿಕಾದ ಒಳಗೇ ಕೈ ಕೈ ಮಿಲಾಯಿಸಿ, ಹಬ್ಬದ ರಾತ್ರಿ ಬಾಗಿಲು ಹಾಕಿತ್ತು. ಒಡಕು ಕ್ರೂರವಾಗಬಲ್ಲದು. ಒಳಗಿನವರೇ ಒಳಗಿನವರಿಗೆ ಕೊಡುವಷ್ಟು ನೋವನ್ನು ಹೊರಗಿನವನು ಕೊಡಲಾರ.

ಆದರೂ ನಾನು ಒಡಕಿನ ಪರ.

ಯಾಕೆಂದರೆ ನಮ್ಮ ಮೂರು ತಾಲೂಕಿನಲ್ಲಿ ಹೆಣ ಬೀಳಿಸಿದ್ದು ಈ ಸಣ್ಣ ಪಂಗಡಗಳಲ್ಲ, ದೊಡ್ಡ ಡಬ್ಬಗಳು. 2022ರ ಜುಲೈಯಲ್ಲಿ ಸುಳ್ಯ ತಾಲೂಕಿನ ಬೆಳ್ಳಾರೆಯ ಆಸುಪಾಸಿನಲ್ಲಿ ಇಬ್ಬರು ತರುಣರ ಕೊಲೆಯಾಯಿತು, ಅದರ ಬೆನ್ನಿಗೇ ಸುರತ್ಕಲ್‌ನಲ್ಲಿ ಮೂರನೆಯದು. ಮೂರೂ ಹತ್ತು ದಿನದೊಳಗೆ. ಹೊಡೆಯುವಾಗ ನೀನು ಯಾವ ಮಠದವ ಎಂದು ಯಾರೂ ಕೇಳಲಿಲ್ಲ. ನಿಮ್ಮ ಮಸೀದಿ ಎಪಿಯೋ ಇಕೆಯೋ ಎಂದೂ ಕೇಳಲಿಲ್ಲ. ಕೇಳಿದ್ದರೆ ಅಷ್ಟು ಹೊತ್ತಾದರೂ ಕತ್ತಿ ಮೇಲೇ ನಿಲ್ಲುತ್ತಿತ್ತು. ಡಬ್ಬಕ್ಕೆ ಹೆಸರು ಬೇಕಾಗಿಲ್ಲ, ಲೇಬಲ್ ಒಂದಿದ್ದರೆ ಸಾಕು. 2016ರಲ್ಲಿ ಪುತ್ತೂರು ಜಾತ್ರೆಯ ಆಮಂತ್ರಣ ಪತ್ರಿಕೆಯಲ್ಲಿ ಮುಜರಾಯಿ ಶಿಷ್ಟಾಚಾರದಂತೆ ಜಿಲ್ಲಾಧಿಕಾರಿಯ ಹೆಸರು ಅಚ್ಚಾಯಿತು. ಆ ಹೆಸರು ಇಬ್ರಾಹಿಂ ಎಂದಿದ್ದದ್ದಕ್ಕೆ ಊರಿಡೀ ರಾದ್ಧಾಂತ. ಆ ಗಲಾಟೆ ಮಾಡಿದವರಲ್ಲಿ ಎಷ್ಟು ಮಂದಿಗೆ ತಮ್ಮ ದೇವಸ್ಥಾನದ ತಂತ್ರ ಯಾವ ಪದ್ಧತಿಯದ್ದು ಎಂದು ಹೇಳಲು ಬರುತ್ತಿತ್ತು? ಒಂದೇ ಒಂದು ಅಡ್ಡ ಪ್ರಶ್ನೆ ಕೇಳುವವರು ಆ ಗುಂಪಲ್ಲಿ ಇದ್ದಿದ್ದರೆ ಗುಂಪು ಗುಂಪಾಗಿ ಉಳಿಯುತ್ತಿರಲಿಲ್ಲ.

ಎಪಿ, ಇಕೆ ಎಂದೆನಲ್ಲ, ಅದೂ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕೇರಳದ ಸಮಸ್ತ ಎಂಬ ಸುನ್ನಿ ಉಲಮಾ ಸಂಘಟನೆ 1989ರಲ್ಲಿ ಒಡೆದು, ಒಂದು ಬಣ ಇ.ಕೆ. ಅಬೂಬಕ್ಕರ್ ಮುಸ್ಲಿಯಾರರ ಜತೆ, ಇನ್ನೊಂದು ಕಾಂತಪುರಂ ಎ.ಪಿ. ಅಬೂಬಕ್ಕರ್ ಮುಸ್ಲಿಯಾರರ ಜತೆ ನಿಂತಿತು. ಇಬ್ಬರ ಹೆಸರೂ ಅಬೂಬಕ್ಕರ್, ಇಬ್ಬರೂ ಸುನ್ನಿ, ಇಬ್ಬರೂ ಶಾಫಿ, ಇಬ್ಬರೂ ಸಲಫಿಗಳ ಕಡು ವಿರೋಧಿಗಳು. ನಮ್ಮ ಬ್ಯಾರಿ ಊರುಗಳಲ್ಲಿ ಮದರಸ ಎರಡಾಯಿತು, ವಿದ್ಯಾರ್ಥಿ ಸಂಘ ಎರಡಾಯಿತು, ಎಸ್‌ಎಸ್‌ಎಫ್ ಮತ್ತು ಎಸ್‌ಕೆಎಸ್‌ಎಸ್‌ಎಫ್. ಮೀಲಾದಿನ ಬ್ಯಾನರೂ ಎರಡು. ಮದುವೆ ಮಾತುಕತೆಯಲ್ಲಿ ಹುಡುಗ ಎಂತ ಕೆಲಸ ಎಂದು ಕೇಳಿದ ಕೂಡಲೇ ಯಾವ ಕಡೆ ಎಂಬ ಪ್ರಶ್ನೆಯೂ ಬರುವ ಕಾಲ ಇತ್ತು. ಟಿವಿಯಲ್ಲಿ ಕೂತು "ಕರಾವಳಿಯ ಮುಸ್ಲಿಮರು ಏನು ಯೋಚಿಸ್ತಾರೆ" ಎಂದು ಕೇಳುವ ಆಂಕರನಿಗೆ ಈ ಒಂದು ಪ್ಯಾರಾ ಓದಿಸಿದರೆ ಸಾಕು, ಅವನ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ. ಯಾವ ಮುಸ್ಲಿಮರು ಮಾರಾಯ? ಯಾವ ಮಸೀದಿ?

ಐಟಿಯಲ್ಲಿರುವ ನಮ್ಮ ಬಳಗದ ಮೇಲೆ ನನಗೆ ಕೋಪ ಇರುವುದು ಇಲ್ಲಿಯೇ. ನಾವು ಎರಡು ಬಗೆಯವರು. ಒಂದು ಬಗೆಯವರು ಊರ ವಾಟ್ಸಾಪ್ ಗುಂಪಿನಲ್ಲಿ ಡಬ್ಬ ತುಂಬಿಸ್ತಾರೆ. ಇನ್ನೊಂದು ಬಗೆಯವರು, ಸಭ್ಯರು, "ಎಲ್ಲ ಧರ್ಮವೂ ಒಂದೇ, ಎಲ್ಲ ನದಿಯೂ ಸಮುದ್ರಕ್ಕೆ" ಅಂತಾರೆ. ಈ ಎರಡನೆಯವರು ತಾವು ಮೊದಲನೆಯವರಿಗೆ ವಿರುದ್ಧ ಎಂದುಕೊಂಡಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಇಬ್ಬರಿಗೂ ವಿವರ ಬೇಡ. ಎಲ್ಲ ಒಂದೇ ಎನ್ನುವವನಿಗೆ ಪಕ್ಕದ ಮನೆಯವರ ಉಪವಾಸ ಯಾವಾಗ ಎಂದು ತಿಳಿದುಕೊಳ್ಳುವ ದರ್ದಿಲ್ಲ, ಏಕೆಂದರೆ ಹೇಗೂ ಎಲ್ಲ ಒಂದೇ. ಕುಮಾರಧಾರಾ ನೇತ್ರಾವತಿಗೆ ಉಪ್ಪಿನಂಗಡಿಯಲ್ಲಿ ಸೇರುತ್ತದೆ, ನಿಜ. ಆದರೆ ಸೇರುವ ಮೊದಲು ಅದು ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ ಹರಿದದ್ದು, ನೇತ್ರಾವತಿಯಲ್ಲಿ ಮಿಂದವರು ಧರ್ಮಸ್ಥಳದವರು, ಇದು ಬೇರೆ ಅದು ಬೇರೆ ಎಂದು ಘಟ್ಟದ ಬುಡದ ಯಾವ ಅಜ್ಜಿಯೂ ಹೇಳ್ತಾಳೆ.

ಅಜ್ಜಿಯಂದಿರಿಗೆ ಗೊತ್ತಿತ್ತು ಅನ್ನುವುದೇ ಮುಖ್ಯ. ನನ್ನ ಅಜ್ಜಿ ಶಾಲೆಗೆ ಹೋದವಳಲ್ಲ. ಆದರೆ ರಬ್ಬರ್ ಟ್ಯಾಪಿಂಗಿಗೆ ಬರುತ್ತಿದ್ದ ಚೇಟನ ಮನೆಯವರಿಗೆ ಐವತ್ತು ದಿನದ ನೋಂಬು, ಆಗ ಮೊಟ್ಟೆಯೂ ಕೊಡಬಾರದು, ಹಾಲೂ ಬೇಡ ಅಂತಾರೆ, ಬಾಳೆಕಾಯಿ ಕೊಡಬೇಕು. ಸಂತೆಗೆ ಹೋಗುವ ಬಾಯಮ್ಮನವರಿಗೆ ಹಾಗಲ್ಲ, ಅವರಿಗೆ ಶುಕ್ರವಾರ ಮಾಂಸ ಮಾತ್ರ ಬೇಡ. ಇದೆಲ್ಲ ಅವಳಿಗೆ ಬಾಯಿಪಾಠ. ಅವಳಿಗೆ ಅವರ ದೇವಶಾಸ್ತ್ರ ಗೊತ್ತಿರಲಿಲ್ಲ, ಗೌರವ ವಿಪರೀತ ಇತ್ತು ಎಂದೂ ಅಲ್ಲ. ಸ್ವಂತ ಒಳಗಿನ ಮಡಿ ಮೈಲಿಗೆಯಲ್ಲಿ ಅವಳು ಯಾರಿಗೂ ಕಡಿಮೆ ಇರಲಿಲ್ಲ, ಅದನ್ನು ಬಿಳಿ ಬಳಿದು ಹೇಳುವುದು ನನಗೆ ಬೇಡ. ಆದರೆ ಯಾರಿಗೆ ಎಂತ ಕೊಡಬಾರದು ಎಂದು ಗೊತ್ತಿದ್ದವಳಿಗೆ ಅವರು ಯಾರು ಎಂದೂ ಗೊತ್ತಿತ್ತು. "ಅವರು" ಎಂದು ಒಟ್ಟಾಗಿ ಬಯ್ಯಲು ಅವಳಿಗೆ ಪದವೇ ಸಿಗುತ್ತಿರಲಿಲ್ಲ, ಏಕೆಂದರೆ ಬಾಯಮ್ಮ ಚೇಟನ ಚರ್ಚಿಗೆ ಕಾಲಿಡುವುದಿಲ್ಲ ಎಂದು ಅವಳೇ ಕಂಡಿದ್ದಳು.

ಪುತ್ತೂರಿನ ಆ ಗೇಮ್ ಮಾಸ್ಟರನಿಗೆ ನಾನು ಹೇಳಿದ್ದು ಇಷ್ಟೇ: ನಿನ್ನ ಲೋಕದ ಎರಡು ಪಂಥಕ್ಕೂ ಒಂದೇ ಪುಸ್ತಕ ಕೊಡು, ಒಂದೇ ದೇವರು ಕೊಡು. ಎರಡಕ್ಕೂ ಸೇರಿ ಒಂದು ಬಾವಿ, ಒಂದು ಬೀಗ, ಒಂದು ಸ್ಮಶಾನ ಇಡು. ಹಬ್ಬಕ್ಕೆ ಒಂದು ದಿನದ ವ್ಯತ್ಯಾಸ ಮಾಡು. ಮತ್ತೆ ನೀನು ಬರೆಯುವುದೇ ಬೇಡ, ಆಟಗಾರರೇ ಇತಿಹಾಸ ಮಾಡ್ತಾರೆ. ಅವನು ಡ್ರ್ಯಾಗನ್ ಎಲ್ಲಿ ಬರುತ್ತದೆ ಎಂದು ಕೇಳಿದ.

ಒಂದು ದಿನದ ವ್ಯತ್ಯಾಸ ಎಂದದ್ದು ಸುಮ್ಮನೆ ಅಲ್ಲ. ದಕ್ಷಿಣ ಕನ್ನಡದ ಖಾಝಿಗಳು ಈದ್‌ಗೆ ಕೇರಳದ ಕರಾವಳಿಯ ಚಂದ್ರದರ್ಶನವನ್ನು ಒಪ್ಪುತ್ತಾರೆ. ಘಟ್ಟದ ಮೇಲೆ, ಬೆಂಗಳೂರಿನ ಚಂದ್ರದರ್ಶನ ಸಮಿತಿಯದ್ದು ಬೇರೆ ಲೆಕ್ಕ. ಹಾಗಾಗಿ ಒಂದೇ ರಾಜ್ಯದಲ್ಲಿ ಎಷ್ಟೋ ಸಲ ಈದ್ ಎರಡು ದಿನ, ಮಂಗಳೂರಲ್ಲಿ ಮೊದಲು, ಬೆಂಗಳೂರಲ್ಲಿ ಆಮೇಲೆ. ನಮ್ಮ ಟೀಮಿನಲ್ಲಿ ಸುಳ್ಯ ಕಡೆಯ ಒಬ್ಬಳು ಹುಡುಗಿ ಇದ್ದಾಳೆ. ಒಂದು ವರ್ಷ ಹಬ್ಬದ ಹಿಂದಿನ ದಿನಕ್ಕೆ ರಜೆ ಕೇಳಿದಳು. ಎಚ್‌ಆರ್‌ನವರು ಕ್ಯಾಲೆಂಡರ್ ತೋರಿಸಿ, "ನಿಮ್ಮ ಹಬ್ಬ ನಾಡಿದ್ದು ಉಂಟಲ್ಲ, ಆವತ್ತು ಆಫೀಸಿಗೇ ರಜೆ ಕೊಟ್ಟಿದ್ದೇವಲ್ಲ" ಅಂದರು, ಬಹಳ ಪ್ರೀತಿಯಿಂದಲೇ. ಅವಳು ಎರಡು ಸಲ ವಿವರಿಸಿ ನೋಡಿದಳು. ಮೂರನೇ ಸಲಕ್ಕೆ ಸಿಕ್ ಲೀವ್ ಹಾಕಿದಳು. ಬೆಂಗಳೂರಿನ ಈದ್‌ಗೆ ಆಫೀಸು ಮುಚ್ಚಿದ್ದ ಹೊತ್ತಿಗೆ ಅವಳು ಹಬ್ಬ ಮುಗಿಸಿ, ಉಳಿದ ಬಿರಿಯಾನಿ ಕಟ್ಟಿಸಿಕೊಂಡು, ಸುಳ್ಯದಿಂದ ವಾಪಸು ಬರುವ ಬಸ್ಸಲ್ಲಿ ಕೂತಿದ್ದಳು.